ಡ್ಯೂಪ್ ಇಲ್ಲದ ಫೈಟ್

ಶೂಟಿಂಗ್ ಬಿಡುವಿನಲ್ಲಿ ಪತ್ರಕರ್ತೆ ಹೀರೋನನ್ನು ಕೇಳಿದಳು, "ಸರ್, ನಿಮ್ಮ ಫೈಟ್‌ಗಳು ಅಷ್ಟು ನಿಜ ಅನ್ನಿಸೋದು ಹೇಗೆ?"

"ನಾನು ಡ್ಯೂಪ್ ಹಾಕಲ್ಲಮ್ಮ. ಪೆಟ್ಟೆಲ್ಲ ನನ್ನ ಮೈಮೇಲೇ ಬೀಳುತ್ತೆ. ಅದಕ್ಕೇ ಜನ ನಂಬ್ತಾರೆ," ಎಂದ ಹೀರೋ ಎಳನೀರು ಹೀರುತ್ತ.

"ಹೀರೋಯಿನ್‌ಗೆ ಒಂದು ಫೈಟೂ ಇಲ್ವಲ್ಲ ಸರ್?"

"ಹೆಂಗಸರು ಒದ್ರೆ ಯಾರು ನಂಬ್ತಾರೆ?"

ಪಕ್ಕದ ಕುರ್ಚಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಊದಿದ ಮೊಣಕಾಲಿಗೆ ಐಸ್ ಒತ್ತಿಕೊಂಡು ಕೂತಿದ್ದಳು. "ಇವರು ಯಾರು?" ಎಂದಳು ಪತ್ರಕರ್ತೆ.

"ಯಾವುದೋ ಊರಿನ ಕರಾಟೆ ಟೀಚರ್. ನನ್ನ ಅಭಿಮಾನಿ. ನೋಡಿ ಕಲಿಯೋಕೆ ಬಂದಿದ್ದಾರೆ."

ಹೆಂಗಸು ಐಸನ್ನು ಮೊಣಕಾಲಿಗೆ ಇನ್ನಷ್ಟು ಗಟ್ಟಿಯಾಗಿ ಒತ್ತಿಕೊಂಡಳು. ಅವಳಿಗೆ ಈ ಕೆಲಸ ಬೇಕಿತ್ತು.

ಅಷ್ಟರಲ್ಲಿ ಮೇಕಪ್‌ನವನು ಓಡಿಬಂದ. "ವಾರಿಜಾ ಮೇಡಂ, ಹೀರೋ ಹಾರಿ ಒದೆಯೋ ಶಾಟ್ ರೆಡಿ. ಬನ್ನಿ, ಮೀಸೆ ಅಂಟಿಸ್ತೀನಿ."