ಆರು ಸದ್ದು

ಕಾದ ರಬ್ಬರಿನ ವಾಸನೆ ಬಂದರೆ ಸಾಕು, ಶಾಲೆಯ ಬಸ್ಸು ಓಡಿಸುವ ನಾನು ತೀರಿಹೋದ ಅಪ್ಪನ ಕಬ್ಬಿಣದ ರಾಡು ಹಿಡಿದು ಕೆಳಗಿಳಿಯುತ್ತೇನೆ.

ಅಪ್ಪ ಯಲ್ಲಾಪುರದಲ್ಲಿ ಲಾರಿ ಡ್ರೈವರ್ ಆಗಿದ್ದ. ಐದನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಒಮ್ಮೆ ನನ್ನನ್ನೂ ಅಂಕೋಲಾಕ್ಕೆ ಕರೆದುಕೊಂಡು ಹೊರಟ. ಅರಬೈಲ್ ಘಟ್ಟ ಇಳಿಯುವ ಮೊದಲು ಲಾರಿ ನಿಲ್ಲಿಸಿ, ಪ್ರತಿ ಟೈರಿಗೂ ರಾಡಿನಿಂದ ಬಡಿದು ಸದ್ದು ಕೇಳುವುದು ಅವನ ಪದ್ಧತಿ. ಗಾಳಿ ತುಂಬಿದ ಟೈರು ಟಣ್ ಎಂದು ರಾಡನ್ನು ಪುಟಿಸುತ್ತಿತ್ತು. ಆ ಮಧ್ಯಾಹ್ನ ರಾಡನ್ನು ನನ್ನ ಕೈಗೆ ಕೊಟ್ಟ. ಅದರ ಹಿಡಿ ಅವನ ಬೆವರಿಗೆ ನುಣ್ಣಗಾಗಿತ್ತು.

ನಾನು ಒಂದು ಸುತ್ತು ಹಾಕಿ ಬಂದು, “ಎಲ್ಲಾ ಸರಿ ಉಂಟು ಅಪ್ಪಾ” ಎಂದೆ.

“ಎಷ್ಟು ಸಲ ಸದ್ದು ಬಂತು?”

“ನಾಲ್ಕು.”

“ಟೈರು ಎಷ್ಟು ಉಂಟು ಮಗಾ?”

ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನ ಎರಡನ್ನು ಬಿಟ್ಟಿದ್ದೆ. ಬಗ್ಗಿ, ಸಂದಿಯಲ್ಲಿ ರಾಡು ತೂರಿಸಿ ಬಡಿದೆ. ಎಡಗಡೆಯದು ಒದ್ದೆ ಮೂಟೆಯಂತೆ ಧಪ್ ಎಂದಿತು.

ಲಾರಿಯ ಮುಂದಿನ ಸೀಟಿನಲ್ಲಿ ನಮ್ಮ ಜೊತೆ ಬಂದಿದ್ದ ಮಾಲಿನ ಸಾವ್ಕಾರರು ವಾಚು ನೋಡಿಕೊಂಡರು. “ಹುಡುಗಿ ಮಾತು ಕೇಳ್ಕೊಂಡು ಎಂತ ಮಾಡ್ತೆ ಮಾರಾಯಾ? ಹೊರಗಿಂದು ಗಟ್ಟಿ ಉಂಟಲ್ಲ. ಘಟ್ಟ ಇಳಿದ್ಮೇಲೆ ನೋಡಿದ್ರಾಯ್ತು.”

“ಹೊತ್ತಾದ್ರೆ ಬೈಸ್ಕೊಳ್ತೆ ಸಾವ್ಕಾರ್ರೇ. ಇದನ್ನ ಬದಲಾಯಿಸ್ದೇ ಇಳಿಯೂದಿಲ್ಲ” ಎಂದು ಅಪ್ಪ ಜಾಕಿ ಎಳೆದುಕೊಂಡ.

ಹೊರಗಿನದನ್ನು ಬಿಚ್ಚಿ, ಒಳಗಿನದನ್ನು ತೆಗೆದು, ಸ್ಟೆಪ್ನಿ ಹಾಕುವಷ್ಟರಲ್ಲಿ ಬಿಸಿಲಲ್ಲೇ, ಕಾದ ರಬ್ಬರಿನ ವಾಸನೆಯಲ್ಲೇ ಒಂದು ತಾಸು ಹೋಯಿತು. ಸಾವ್ಕಾರರು ಗೊಣಗುತ್ತಲೇ ಇದ್ದರು. ಅಪ್ಪ ಮಸಿ ಕೈ ಒರೆಸಿಕೊಂಡು, ರಾಡನ್ನು ಮತ್ತೆ ನನಗೇ ಕೊಟ್ಟು, ಡ್ರೈವರ್ ಸೀಟಿಗೆ ಹತ್ತಿದ.

ನಾನು ಎಣಿಸುತ್ತ ಬಡಿದೆ. “ಆರು” ಎಂದು ಕೂಗುವವರೆಗೂ ಅವನು ಕೀಲಿ ತಿರುಗಿಸಲಿಲ್ಲ.