ಮರೆಸುವ ಕೌಂಟರ್

ಸಿನಿಮಾ ಹಿಡಿಸದವರಿಗೆ ಅದರ ನೆನಪನ್ನು ಅಳಿಸಿಕೊಡುವ ಕೌಂಟರ್, ಎಲ್ಲ ಕಡೆಯಂತೆ, ದಾವಣಗೆರೆಯ ಆ ಚಿತ್ರಮಂದಿರದ ಹೊರಬಾಗಿಲಲ್ಲೂ ಇತ್ತು. ತನ್ನ ಮೊದಲ ಹಾಸ್ಯಚಿತ್ರದ ಆಟ ಮುಗಿದಾಗ ನಿರ್ದೇಶಕ ಯತಿರಾಜ ಅಲ್ಲೇ ನಿಂತಿದ್ದ. ವಿಮರ್ಶಕರು ‘ವಿಚಿತ್ರ, ಆದರೆ ಮರೆಯಲಾಗದ್ದು’ ಎಂದು ಬರೆದಿದ್ದರು. ಜನ ಮಾತ್ರ ಸೀದಾ ಕೌಂಟರಿನ ಸಾಲು ಸೇರುತ್ತಿದ್ದರು. ಒಳಗೆ ಗಟ್ಟಿಯಾಗಿ ನಕ್ಕಿದ್ದ ಒಬ್ಬರೇ ಒಬ್ಬ ಅಜ್ಜಿಯೂ ಆ ಸಾಲಿನಲ್ಲಿದ್ದರು.

“ನಿಮ್ಗೆ ಹಿಡಿಸ್ತಲ್ಲಮ್ಮಾ, ಮತ್ಯಾಕೆ?” ಎಂದು ಯತಿರಾಜ ಕೇಳಿದ.

“ಭಾಳ ಚೆನ್ನಾಗೈತಪ್ಪಾ. ನಮ್ಮ ಯಜಮಾನ್ರು ಹೋದ್ಮೇಲೆ ಇವತ್ತೇ ನಕ್ಕಿದ್ದು. ಮನಿಗೆ ಹೋಗಿ ಯಾರ ಹತ್ರ ಹೇಳ್ಕಂಡು ನಗ್ಲಿ?”

ಕೌಂಟರಿನಿಂದ ಈಚೆ ಬಂದ ಅಜ್ಜಿ ಗೋಡೆಯ ಮೇಲಿನ ಅದೇ ಸಿನಿಮಾದ ಪೋಸ್ಟರನ್ನು ಮೊದಲ ಸಲ ನೋಡುವಂತೆ ನೋಡಿದರು. ಅವನನ್ನೇ ಕೇಳಿದರು: “ಇದ್ರಾಗೆ ನಗು ಬರ್ತೈತೇನಪ್ಪಾ?”

“ಇಲ್ಲಮ್ಮಾ,” ಎಂದ ಯತಿರಾಜ, ಅವರಿಗೊಂದು ಆಟೋ ಕರೆದ.