ನೀರು ಕುಡಿಯುವ ಹೊತ್ತು

“ನೀರು ಒಲ್ಲೆ ಅನ್ನೋ ದನಾ ಎಲ್ಲ್ಯಾರ ಇರ್ತದೇನು?”

ಭಾಗಮ್ಮ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಕಲ್ಲಿನ ಬಾನಿ, ಅದರ ತುಂಬ ತಿಳಿನೀರು, ಅದರಾಚೆ ನೀರಿನತ್ತ ಮೂತಿಯನ್ನೂ ತಿರುಗಿಸದೆ ನಿಂತ ಬಿಳಿ ಆಕಳು. ರಾವೂರಿನ ನಡುಹಗಲು. ಮನೆಯ ಎತ್ತುಗಳು ಬೇವಿನ ನೆರಳಿನಲ್ಲಿ ನಾಲಿಗೆ ಚಾಚಿ ತೇಕುತ್ತಿದ್ದವು. ಈ ಆಕಳು ಮಾತ್ರ ಕಾದ ಹಾಸುಗಲ್ಲಿನ ಮೇಲೆ, ಬಿಸಿಲಿನಲ್ಲೇ ನಿಂತು, ಜೋಳದ ಒಣ ಕಣಿಕೆಯನ್ನು ಅವಸರವಿಲ್ಲದೆ ಮೆಲ್ಲುತ್ತಿತ್ತು.

ಅದು ಥಾರ್ ಮರಳುಗಾಡಿನ ತಳಿ. ಹಾಸುಗಲ್ಲಿನ ವ್ಯಾಪಾರಕ್ಕೆ ಮಾರವಾಡದಿಂದ ಬಂದವನೊಬ್ಬ ರೈಲಿನ ಡಬ್ಬಿಯಲ್ಲಿ ವಾಡಿ ಸ್ಟೇಷನ್ನಿಗೆ ತರಿಸಿಕೊಂಡಿದ್ದ. ನಿಜಾಮನ ಆಳ್ವಿಕೆ ಹೋದ ಮರುವರ್ಷ ಅಂಗಡಿ ಮುಚ್ಚಿ ಊರಿಗೆ ಹೊರಟಾಗ ಹಗ್ಗವನ್ನು ಭಾಗಮ್ಮನ ಗಂಡ ನಾಗೇಂದ್ರಪ್ಪನ ಕೈಗಿತ್ತ. ಹಾಲು ಚೆನ್ನ, ಗುಣ ಚೆನ್ನ. ತೊಡಕು ಒಂದೇ. ದಿನವೆಲ್ಲ ನೀರು ಮುಟ್ಟದೆ, ದೀಪ ಹಚ್ಚುವ ಹೊತ್ತಿಗೆ ಬಾನಿಯ ತಳ ಕಾಣುವಂತೆ ಒಂದೇ ಸಲಕ್ಕೆ ಕುಡಿಯುತ್ತಿತ್ತು. ಭಾಗಮ್ಮನಿಗೋ ತವರಿನಿಂದ ಬಂದ ನೇಮ: ಲಿಂಗಪೂಜೆ ಮುಗಿಸಿ, ಕೊಟ್ಟಿಗೆಯ ದನಗಳೆಲ್ಲ ನೀರು ಕುಡಿದ ಮೇಲೆಯೇ ಪ್ರಸಾದ. ಆಕಳು ಬಂದಂದಿನಿಂದ ಆಕೆಗೆ ಊಟ ರಾತ್ರಿಯದೊಂದೇ. ಮುಂಗೈಯ ಬಳೆಗಳು ಮೊಣಕೈಗೆ ಜಾರುತ್ತಿದ್ದವು.

ಅದಕ್ಕೇ ನಾಗೇಂದ್ರಪ್ಪ ಇವತ್ತು ದನದ ದಲಾಲ ಮಶಾಕನನ್ನು ಕರೆಸಿದ್ದ. ಮಶಾಕ ಆಕಳ ಸುತ್ತ ಒಂದು ಸುತ್ತು ಬಂದ. ಬೆನ್ನಿನ ಕೂದಲನ್ನು ಉಫ್ ಎಂದು ಊದಿ ನೋಡಿದ. ಬೆಳ್ಳಗಿನ ಕೂದಲ ಕೆಳಗೆ ಕಪ್ಪು ಚರ್ಮ.

“ಇದು ಆಕಳಲ್ರಿ ಅಣ್ಣಾ. ಕೋಡು ಬಂದ ಮರಳುಗಾಡಿನ ಒಂಟಿ!”

“ಒಂಟಿ ಇರ್ಲಿ, ಆನಿ ಇರ್ಲಿ, ಸುಲೇಪೇಟ ಸಂತಿಗಿ ಹೊಡಕೊಂಡು ನಡಿ. ಇಕಿ ಉಪಾಸ ನೋಡಲಿಕ್ಕಾಗವಲ್ದು ನನಗ.”

ಸಂಗತಿ ಪೂರ್ತಿ ಕೇಳಿ ಮಶಾಕ ನಕ್ಕ. “ಏನ್ರಿ ಅಕ್ಕಾ, ನಮ್ಮದು ವರ್ಷಕ್ಕ ಒಂದ ತಿಂಗಳ ರೋಜಾ ಉಪಾಸ. ನೀವು ವರ್ಷಪೂರ್ತಿ ಹಿಡದಂಗ ಕಾಣ್ತದ!”

“ಊರು ಬಿಟ್ಟು ಬಂದ ದುಃಖಕ್ಕ ಒಲ್ಲೆ ಅಂತದ ಅಂತ ಮೊದಲ ನಾನೂ ತಿಳ್ಕೊಂಡಿದ್ದೆ,” ಎಂದು ಭಾಗಮ್ಮ ಆಕಳ ಕೊರಳು ನೇವರಿಸಿದಳು. “ದುಃಖಾನೂ ಇಲ್ಲ, ಜಡ್ಡೂ ಇಲ್ಲ. ಅಕಿ ಹುಟ್ಟಿದ ನೆಲದಾಗ ಬಾವಿ ಭಾಳ ದೂರ ಇದ್ದಿರಬೇಕು, ಅಷ್ಟ. ಅಕಿಗಿ ತಡಕೊಳ್ಳೋದು ಬರ್ತದ. ನನಗೂ ಬರ್ತದ.”

“ಕೇಳಿದ್ಯಾ ಮಾತು?” ನಾಗೇಂದ್ರಪ್ಪ ಗೂಟದ ಹಗ್ಗ ಬಿಚ್ಚಿ ಮಶಾಕನ ಕೈಗಿಟ್ಟ.

ಭಾಗಮ್ಮ ಅಡ್ಡ ಬರಲಿಲ್ಲ. ಒಳಗೆ ಹೋಗಿ ವಿಭೂತಿ ತಂದು ಆಕಳ ಹಣೆಗೆ ಹಚ್ಚಿದಳು.

“ಒಯ್ಯಪಾ ತಮ್ಮಾ. ಆದರ ಒಂದ ಮಾತು. ನನ್ನ ಬಾನ್ಯಾಗ ನೀರು ಕುಡದದ್ದು ಎಲ್ಲಿ ಹೋದರೂ ಈ ಮನಿ ದನಾನೇ. ದಿನಾ ಸಂಜೀಕ, ಅಕಿ ನೀರು ಕುಡದ್ಲು ಅಂತ ಸುದ್ದಿ ಕಳಸಬೇಕು. ಸುದ್ದಿ ಬರೂತನ ನಾ ಉಣ್ಣಂಗಿಲ್ಲ.”

“ಸುಲೇಪೇಟದಿಂದ?” ಮಶಾಕ ಕೇಳಿದ.

“ಹೈದ್ರಾಬಾದಿಗಿ ಮಾರಿದ್ರ ಹೈದ್ರಾಬಾದಿಂದ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬೆಳಗಿನ ಪೂಜೆಯಲ್ಲಿ ವಚನ ಹೇಳಿಕೊಳ್ಳುವ ದನಿಯೇ ಅದು. ಹೇಳುವಷ್ಟು ಹೇಳಿ ಭಾಗಮ್ಮ ಕುಳ್ಳಿನ ಬುಟ್ಟಿ ತಲೆಗೇರಿಸಿಕೊಂಡು, ಉರಿಯುವ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಹಿತ್ತಿಲಿಗೆ ನಡೆದಳು. ಮಶಾಕ ಒಮ್ಮೆ ಆಕೆಯನ್ನು ನೋಡಿದ, ಒಮ್ಮೆ ಆಕಳನ್ನು.

“ಅಣ್ಣಾ, ಎರಡೂ ಒಂದ ತಳಿ ಅದಾವಲ್ರಿ.”

“ಚಾಷ್ಟಿ ಸಾಕು. ಒಯ್ಯೋ ಮಶಾಕ, ಕೈ ಮುಗೀತೀನಿ.”

ಮಶಾಕ ಬಗ್ಗಿ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದ. ಗಂಟು ಎಳೆದು ಗಟ್ಟಿ ಮಾಡಿ, ಅಂಗೈ ಝಾಡಿಸಿಕೊಂಡ.

“ಅಕ್ಕನ ರೋಜಾ ಬಿಡಸೋ ಹೊತ್ತು ನನ್ನ ಕೈಯಾಗ ಬ್ಯಾಡ್ರಿ. ಒಯ್ಯಂಗಿಲ್ಲ.”